ಮೋಟಾರು ಎಂಜಿನ್ನಿನ ಕ್ರ್ಯಾಂಕು ಗಾಲಿಯ ಬಿಗಿದ ಬೋಲ್ಟನ್ನು ಸಡಿಲಿಸುವ ಕ್ರಮ

ಜಮಖಂಡಿ ಸೀಮೆಯ ಹುನ್ನೂರ ಮತ್ತು ಅದರ ಸುತ್ತಲಿನ ಗ್ರಾಮಗಳಲ್ಲಿ ಒಕ್ಕಲುತನವು ಈಗ ಎತ್ತುಗಳನ್ನು ಮಾತ್ರವೇ ನಂಬಿ ನಡೆಯುವುದಿಲ್ಲ. 1989ರಲ್ಲಿ ಈ ಭಾಗದ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು, ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ನದಿಗೆ ಬಾಂದಾರವನ್ನು ಕಟ್ಟಿಕೊಂಡರು. ನೀರು ಬಂದಲ್ಲಿ ಕಬ್ಬು ಬಂದಿತು. ಕಬ್ಬಿನ ಹಿಂದೆ ಜೀಪು, ಕಾರು, ಟ್ರ್ಯಾಕ್ಟರುಗಳೂ ಹೊಲಮನೆಯ ಸಾಧನಗಳಾದವು. ಕಾರ್ಖಾನೆಗಳು ಕಬ್ಬು ನುರಿಸುವ ಕಾಲದಲ್ಲಿ ಗಾಡಿಯು ಕೆಟ್ಟು ನಿಂತರೆ, ಕಡಿದ ಕಬ್ಬು ಹೊಲದಲ್ಲಿಯೇ ಒಣಗಿ ಅದರ ತೂಕವೂ ಸಕ್ಕರೆಯ ಅಂಶವೂ ಕುಗ್ಗುವುವು. ಆದುದರಿಂದ ಎಂಜಿನ್ನಿನ ದುರಸ್ತಿಯಲ್ಲಿ ಮೇಲಿಂದ ಮೇಲೆ ಅಡ್ಡಬರುವ ಒಂದು ತೊಡಕನ್ನು ಇಲ್ಲಿ ವಿವರಿಸಲಾಗಿದೆ.

ಎಂಜಿನ್ನಿನ ಮುಂಭಾಗದಲ್ಲಿ ಕ್ರ್ಯಾಂಕು ದಂಡದ ತುದಿಗೆ ಪಟ್ಟೆಗಳನ್ನು ತಿರುಗಿಸುವ ಒಂದು ಗಾಲಿಯಿರುತ್ತದೆ. ಅದನ್ನು ನಡುವೆ ಹಿಡಿದಿರುವುದು ಒಂದೇ ದೊಡ್ಡ ಬೋಲ್ಟು. ಮುಂದಿನ ಎಣ್ಣೆಸೀಲು ಸೋರಿದಾಗ, ಒಳಗಿನ ಹಲ್ಲುಪಟ್ಟೆಯನ್ನು ಬದಲಿಸುವಾಗ, ಗಾಲಿಯೊಳಗಿನ ರಬ್ಬರು ಕಿತ್ತಾಗ ಈ ಬೋಲ್ಟನ್ನು ಬಿಚ್ಚದೆ ಗತಿಯಿಲ್ಲ. ಅನೇಕ ಸಲ ಅದು ಅಲುಗುವುದೇ ಇಲ್ಲ.

1. ಬಿಗಿತಕ್ಕೆ ಕಾರಣ

ಕಬ್ಬಿಣದ ಬೋಲ್ಟು ರೈತನಿಗೆ ಹೊಸದಲ್ಲ. ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಮೊದಲುಮಾಡಿದ ಲಕ್ಷ್ಮಣರಾವ ಕಿರ್ಲೋಸ್ಕರರು 1910ರಲ್ಲಿ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯನ್ನು ನೆಲೆಗೊಳಿಸಿ ಕಬ್ಬಿಣದ ನೇಗಿಲುಗಳನ್ನು ತಯಾರಿಸಿದಂದಿನಿಂದ, ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಿಸಿ ಬಿಚ್ಚುವ ಉಪಾಯವು ಒಕ್ಕಲಿಗರಲ್ಲಿ ರೂಢಿಯಾಗಿದೆ. ಆದರೆ ನೇಗಿಲಿನ ಬೋಲ್ಟಿನ ಎರಡೂ ತುದಿಗಳು ಹೊರಗಿರುತ್ತವೆ. ಎಣ್ಣೆಯು ಸುತ್ತುಗಳಿಗೆ ಸುಲಭವಾಗಿ ಇಳಿಯುವುದು. ಕ್ರ್ಯಾಂಕಿನ ಬೋಲ್ಟಿನ ಸುತ್ತುಗಳಾದರೋ ದಂಡದ ಒಡಲಿನೊಳಗೆ ಅಡಗಿರುತ್ತವೆ. ಮೇಲೆ ಬಿಟ್ಟ ಎಣ್ಣೆಯು ತಲೆಯ ಅಂಚಿನಲ್ಲಿಯೇ ನಿಲ್ಲುವುದು ಹೆಚ್ಚು. ಆದಕಾರಣ ಇಲ್ಲಿ ಎಣ್ಣೆಯೊಂದನ್ನೇ ನಂಬಬಾರದು.

ಬೋಲ್ಟನ್ನು ಬಿಗಿಯುವಾಗ ಹಾಕಿದ ಬಲವು ಎಲ್ಲಿ ವೆಚ್ಚವಾಗುವುದೆಂಬುದನ್ನು ಅರಿತರೆ ಈ ಮೊಂಡತನದ ಮರ್ಮವು ತಿಳಿಯುವುದು. ಸಾಮಾನ್ಯ ಲೆಕ್ಕದಲ್ಲಿ ನೂರು ಪಾಲು ಬಲದಲ್ಲಿ ಸುಮಾರು 50 ಪಾಲು ತಲೆಯ ಕೆಳಗಿನ ತಿಕ್ಕಾಟಕ್ಕೆ, 40 ಪಾಲು ಸುತ್ತುಗಳ ತಿಕ್ಕಾಟಕ್ಕೆ ಹೋಗಿ, ಕೇವಲ 10 ಪಾಲು ಗಾಲಿಯನ್ನು ಒತ್ತಿ ಹಿಡಿಯುವುದಕ್ಕೆ ಉಳಿಯುವುದು. ವರ್ಷಗಟ್ಟಲೆ ಕಾಯ್ದು ತಣಿದು, ಮಳೆಗಾಲದ ತೇವಕ್ಕೆ ತುಕ್ಕು ಹತ್ತಿದಾಗ ಈ ತಿಕ್ಕಾಟವು ಇನ್ನೂ ಹೆಚ್ಚುವುದು. ಕೆಲವು ಬೋಲ್ಟುಗಳ ಸುತ್ತುಗಳಿಗೆ ಸಡಿಲವಾಗದಂತೆ ಅಂಟನ್ನು ಹಚ್ಚಿರುವುದೂ ಉಂಟು.

2. ಮೊದಲು ತಿಳಿಯಬೇಕಾದುದು

ತಿರುಗಿಸುವ ದಿಕ್ಕನ್ನು ಗಾಡಿಯ ಕೈಪಿಡಿಯಿಂದ ನಿಶ್ಚಯಿಸಿಕೊಳ್ಳತಕ್ಕದ್ದು. ಬಹುತೇಕ ಬೋಲ್ಟುಗಳು ಬಲಸುತ್ತಿನವು. ಎದುರಿಗೆ ನಿಂತು ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದರೆ ಸಡಿಲವಾಗುವುವು. ಎಡಸುತ್ತಿನ ಬೋಲ್ಟನ್ನು ಈ ಕಡೆಗೆ ತಿರುಗಿಸಿದರೆ ಇನ್ನೂ ಬಿಗಿದು ಕೊನೆಗೆ ಮುರಿಯುವುದು. ಎಂಜಿನ್ನು ತಿರುಗುವ ದಿಕ್ಕನ್ನು ನೋಡಿ ಬೋಲ್ಟಿನ ಸುತ್ತನ್ನು ಊಹಿಸುವುದೂ ತಪ್ಪು. ಹೋಂಡಾ ಕಂಪನಿಯ ಹಳೆಯ ಎಂಜಿನ್ನುಗಳಲ್ಲಿ ಅನೇಕವು ಎಡಕ್ಕೆ ತಿರುಗುತ್ತಿದ್ದರೂ ಅವುಗಳ ಬೋಲ್ಟು ಬಲಸುತ್ತಿನದೇ.

ಎಂಜಿನ್ನು ಪೂರ್ಣವಾಗಿ ತಣಿದಿರಬೇಕು. ಬ್ಯಾಟರಿಯ ತಂತಿಯನ್ನು ಕಳಚಿರಬೇಕು. ಗಾಡಿಯನ್ನು ಎತ್ತಿದ್ದರೆ ಗಟ್ಟಿಯಾದ ಆಧಾರಗಳ ಮೇಲೆ ಕೂರಿಸಿ, ನೆಲದ ಮೇಲಿರುವ ಗಾಲಿಗಳಿಗೆ ಅಡ್ಡಗಲ್ಲು ಕೊಡಬೇಕು. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಯಾರೂ ನುಸುಳಕೂಡದು.

3. ದಂಡವನ್ನು ಹಿಡಿದು ನಿಲ್ಲಿಸುವ ಬಗೆ

ಕೆಲಸದ ಸಾಫಲ್ಯವೆಲ್ಲವೂ ಈ ಒಂದು ಅಂಶದಲ್ಲಿದೆ. ದಂಡವು ಸ್ವಲ್ಪ ಹೊರಳಿದರೂ ಹಾಕಿದ ಬಲವು ವ್ಯರ್ಥವಾಗುವುದು. ಅಲ್ಲದೆ ಎಂಜಿನ್ನು ಹಿಮ್ಮುಖವಾಗಿ ತಿರುಗಿದರೆ ಒಳಗಿನ ಹಲ್ಲುಪಟ್ಟೆಯು ಹಲ್ಲು ತಪ್ಪುವ ಭಯವುಂಟು.

ಕೈಯಿಂದ ಗೇರು ಹಾಕುವ ಗಾಡಿಯಾದರೆ, ಗಾಲಿಗಳು ನೆಲಕ್ಕೆ ಊರಿರುವಾಗ ಮೇಲಿನ ಗೇರಿಗೆ ಹಾಕಿ, ಒಬ್ಬನು ಒಳಗೆ ಕುಳಿತು ಬ್ರೇಕನ್ನು ಬಲವಾಗಿ ಮೆಟ್ಟಿರಬೇಕು. ಕೆಳಗಿನ ಗೇರಿನಲ್ಲಿ ಬ್ರೇಕಿನ ಮೇಲೆ ಬೀಳುವ ಭಾರವು ಹೆಚ್ಚು. ಮೇಲಿನ ಗೇರಿನಲ್ಲಿ ಕಡಿಮೆ. ತಾನೇ ಗೇರು ಬದಲಿಸುವ ಗಾಡಿಗಳಲ್ಲಿ ಈ ಉಪಾಯವು ನಡೆಯದು. ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆಯ ಮೂಲಕವೇ ಸಂಬಂಧವಿರುವುದರಿಂದ ದಂಡವು ಜಾರುವುದು. ಅಲ್ಲಿ ಫ್ಲೈವ್ಹೀಲಿನ ಹಲ್ಲುಗಳಿಗೆ ಸಿಗುವ ಹಿಡಿಕೆಯನ್ನೋ, ಗಾಲಿಯ ರಂಧ್ರಗಳಿಗೆ ಕೂಡುವ ಹಿಡಿಕೆಯನ್ನೋ ಬಳಸತಕ್ಕದ್ದು. ಹೋಂಡಾದ ಅನೇಕ ಗಾಲಿಗಳಲ್ಲಿ ಇದಕ್ಕಾಗಿಯೇ 50 ಮಿಲಿಮೀಟರಿನ ಆರುಮೂಲೆಯ ಗುಣಿಯನ್ನು ಕೊಟ್ಟಿದ್ದಾರೆ. ಒಳಗಿನ ಹಲ್ಲುಪಟ್ಟೆಯನ್ನಾಗಲಿ ಸರಪಳಿಯನ್ನಾಗಲಿ ಹಿಡಿತಕ್ಕೆ ಉಪಯೋಗಿಸಲೇಬಾರದು.

4. ಸನ್ನೆಯ ಲೆಕ್ಕ

ಏತದ ಮರವು ಉದ್ದವಾದಷ್ಟೂ ನೀರು ಹಗುರಾಗಿ ಮೇಲೆ ಬರುವುದನ್ನು ಹಿರಿಯರು ಕಂಡಿದ್ದಾರೆ. ಪಾನಾಕ್ಕೂ ಅದೇ ನಿಯಮ. ಒಂದು ಮೀಟರು ಉದ್ದದ ಸನ್ನೆಯ ತುದಿಗೆ 20 ಕಿಲೋಗ್ರಾಂ ಭಾರ ಹಾಕಿ ಬಿಗಿದ ಬೋಲ್ಟು ತುಕ್ಕು ಹಿಡಿದು ಇಮ್ಮಡಿ ಬಿಗಿಯಾಗಿದೆಯೆಂದು ತಿಳಿಯೋಣ. ಅರ್ಧ ಮೀಟರಿನ ಹಿಡಿಕೆಯಿಂದ ಅದನ್ನು ಬಿಚ್ಚಲು 80 ಕಿಲೋಗ್ರಾಂ ಬಲ ಬೇಕು. ಒಂದು ಮೀಟರಿಗೆ 40 ಸಾಕು. ಒಂದೂವರೆ ಮೀಟರಿಗೆ 27 ಸಾಕು. ಕೊನೆಯದು ಒಬ್ಬ ಆಳು ನಿರಾಯಾಸವಾಗಿ ಹಾಕಬಹುದಾದ ಬಲ.

ಬೋಲ್ಟಿನ ತಲೆಗೆ ಆರುಮೂಲೆಯ ಸಾಕೆಟ್ಟನ್ನೇ ಹಾಕಬೇಕು. ಹನ್ನೆರಡು ಮೂಲೆಯದು ತಲೆಯ ಕೋನಗಳನ್ನು ಸವೆಯಿಸುವುದು. ತಲೆಯ ಮೇಲಿನ ಮಣ್ಣು ಜಿಡ್ಡುಗಳನ್ನು ಕೆರೆದು, ಸಾಕೆಟ್ಟು ಬುಡದವರೆಗೆ ಕೂಡಿದೆಯೆಂದು ನೋಡಬೇಕು. ನಡುವೆ ಉದ್ದನೆಯ ಕಡ್ಡಿಯನ್ನು ಜೋಡಿಸಿದ್ದರೆ ಅದು ಓರೆಯಾಗದಂತೆ ಕೆಳಗೊಂದು ಆಧಾರವನ್ನು ಕೊಡತಕ್ಕದ್ದು. ಬಲಸುತ್ತಿನ ಬೋಲ್ಟಿಗೆ ಎದುರಿಗೆ ನಿಂತವನ ಎಡಗಡೆಗೆ ಸನ್ನೆಯನ್ನು ಚಾಚಿ ಕೆಳಕ್ಕೆ ಒತ್ತಬೇಕು. ಬಲವನ್ನು ಮೆಲ್ಲಗೆ ಏರಿಸಿ, ನಿಲ್ಲಿಸಿ, ಮತ್ತೆ ಏರಿಸಬೇಕು. ಸನ್ನೆಯು ಜಾರಿದರೆ ಬೆರಳಾಗಲಿ ಮುಖವಾಗಲಿ ಅದರ ದಾರಿಯಲ್ಲಿರಕೂಡದು.

5. ಆದರೂ ಜಗ್ಗದಿದ್ದರೆ

ಬೋಲ್ಟಿನ ತಲೆಯ ಸುತ್ತ ತುಕ್ಕೆಣ್ಣೆಯನ್ನು ಬಿಟ್ಟು ರಾತ್ರಿಯೆಲ್ಲ ಇರಗೊಡಬಹುದು. ಪಟ್ಟೆಗಳಿಗೆ ತಾಗದಂತೆ ಅರಿವೆಯನ್ನು ಮುಚ್ಚಬೇಕು. ತಲೆಯ ಮೇಲೆ ಸಣ್ಣ ಸುತ್ತಿಗೆಯಿಂದ ಹಗುರಾಗಿ ಕೆಲವು ಸಲ ತಟ್ಟಿದರೆ ತಲೆಯ ಕೆಳಗಿನ ಹಿಡಿತವು ಬಿಡುವುದುಂಟು. ದೊಡ್ಡ ಸುತ್ತಿಗೆಯ ಪೆಟ್ಟು ದಂಡದ ಬೇರಿಂಗುಗಳಿಗೆ ಘಾತಕ. ಗಾಳಿಯಿಂದಲೋ ವಿದ್ಯುತ್ತಿನಿಂದಲೋ ಪೆಟ್ಟು ಕೊಟ್ಟು ತಿರುಗಿಸುವ ಯಂತ್ರವು ದೊರೆತರೆ ಅದು ಬಹಳ ಉಪಯುಕ್ತ.

ಬೆಂಕಿಯ ವಿಷಯದಲ್ಲಿ ಎಚ್ಚರವು ಅವಶ್ಯ. ಗಟ್ಟಿ ಜಾತಿಯ ಅಂಟು ಮೆತ್ತಗಾಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಗಾಲಿಯ ರಬ್ಬರೂ ಹಿಂದಿನ ಎಣ್ಣೆಸೀಲೂ ಅಷ್ಟು ಕಾವನ್ನು ತಾಳಲಾರವು. ಅವೆರಡನ್ನೂ ಹೊಸದಾಗಿ ಹಾಕುವ ನಿಶ್ಚಯವಿದ್ದರೆ ಮಾತ್ರ, ಎಣ್ಣೆಯನ್ನು ಚೆನ್ನಾಗಿ ಒರೆಸಿದ ಬಳಿಕ, ಬೋಲ್ಟಿನ ತಲೆಯೊಂದಕ್ಕೇ ಕಾವು ಕೊಡಬಹುದು.

ಸನ್ನೆಯನ್ನು ಚಾಸಿಗೆ ಆನಿಸಿ, ಸ್ಟಾರ್ಟರನ್ನು ತಿರುಗಿಸಿ ಬೋಲ್ಟನ್ನು ಸಡಿಲಿಸುವ ಒಂದು ಪದ್ಧತಿಯು ಬಳಕೆಯಲ್ಲಿದೆ. ಇದನ್ನು ಕೈಬಿಡುವುದೇ ಲೇಸು. ಎಂಜಿನ್ನು ಹೊತ್ತಿಕೊಂಡರೆ ಸನ್ನೆಯು ಸಿಡಿದು ಕೈಕಾಲು ಮುರಿಯುವುದು. ಎಡಕ್ಕೆ ತಿರುಗುವ ಎಂಜಿನ್ನಿನಲ್ಲಾದರೆ ಬಲಸುತ್ತಿನ ಬೋಲ್ಟು ಸಡಿಲವಾಗುವ ಬದಲು ಇನ್ನೂ ಬಿಗಿಯುವುದು.

6. ಮರಳಿ ಕೂಡಿಸುವಾಗ

ಬಿಚ್ಚುವುದರಷ್ಟೇ ಮಹತ್ವವು ಮರಳಿ ಬಿಗಿಯುವುದಕ್ಕೂ ಇದೆ. ಬೋಲ್ಟು ಸಡಿಲವಾಗಿ ಉಳಿದರೆ ಗಾಲಿಯು ಅಲ್ಲಾಡಿ ಕೀಲಿಯ ಗಾಡಿಯನ್ನು ತಿನ್ನುವುದು. ದಂಡದ ಮೂತಿಯೇ ಕೆಟ್ಟು ಎಂಜಿನ್ನನ್ನೆಲ್ಲ ಬಿಚ್ಚುವ ಪ್ರಸಂಗ ಬರುವುದು. ಬಿಚ್ಚಿದ ಉದ್ದನೆಯ ಸನ್ನೆಯಿಂದಲೇ ಅಂದಾಜಿನ ಮೇಲೆ ಬಿಗಿದರೆ ಬೋಲ್ಟು ಹಿಗ್ಗಿ ದಂಡದೊಳಗೆ ಮುರಿಯುವುದು. ಆದುದರಿಂದ ಸುತ್ತುಗಳನ್ನು ಶುಚಿಮಾಡಿ, ಕೈಪಿಡಿಯಲ್ಲಿ ಹೇಳಿದ್ದರೆ ಹೊಸ ಬೋಲ್ಟನ್ನೇ ಹಾಕಿ, ಬಲ ಅಳೆಯುವ ಪಾನಾದಿಂದ ಹೇಳಿದಷ್ಟೇ ಬಿಗಿಯತಕ್ಕದ್ದು. ಕೈಪಿಡಿಯು ಹೇಳದ ಹೊರತು ಸುತ್ತುಗಳಿಗೆ ಎಣ್ಣೆ ಹಚ್ಚಬಾರದು. ಎಣ್ಣೆ ಹಚ್ಚಿದ ಬೋಲ್ಟು ಅದೇ ಬಲಕ್ಕೆ ಹೆಚ್ಚು ಎಳೆತಕ್ಕೆ ಒಳಗಾಗುವುದು.

7. ಊರ ಹಿರಿಯರಿಗೆ ಸೂಚನೆ

ಈ ಕೆಲಸಕ್ಕೆ ಬೇಕಾಗುವ ಆರುಮೂಲೆಯ ಸಾಕೆಟ್ಟುಗಳು, ಒಂದೂವರೆ ಮೀಟರಿನ ಗಟ್ಟಿ ಸನ್ನೆ, ಗಾಲಿ ಹಿಡಿಯುವ ಹಿಡಿಕೆ, ಬಲ ಅಳೆಯುವ ಪಾನಾ ಇವು ಪ್ರತಿಯೊಬ್ಬ ರೈತನೂ ಕೊಳ್ಳತಕ್ಕ ವಸ್ತುಗಳಲ್ಲ. ನಾಲ್ಕಾರು ಜನ ಜಮೀನುದಾರರು ಕೂಡಿ ಒಂದು ಜೊತೆಯನ್ನು ಕೊಂಡು ಊರಿನ ಒಂದೆಡೆಯಲ್ಲಿ ಇರಿಸಿದರೆ ಎಲ್ಲರ ಕೆಲಸವೂ ಸಾಗುವುದು. ಎಣ್ಣೆ ಸೋರುವ ಎಂಜಿನ್ನುಗಳನ್ನು ಮಳೆಗಾಲ ಮುಗಿಯುತ್ತಲೇ, ಕಬ್ಬಿನ ಸುಗ್ಗಿಗೆ ಮುಂಚೆಯೇ, ಬಿಚ್ಚಿ ನೋಡುವುದು ಯೋಗ್ಯ. ಆಗ ಬೋಲ್ಟು ಎರಡು ದಿನ ಹಟ ಹಿಡಿದರೂ ನಷ್ಟವಿಲ್ಲ. ಅವಸರವಿದ್ದಲ್ಲಿ ಸುತ್ತಿಗೆಯೂ ಬೆಂಕಿಯೂ ಮುಂದಾಗುತ್ತವೆ. ಅವಕಾಶವಿದ್ದಲ್ಲಿ ದಂಡದ ಹಿಡಿತವೂ ಸನ್ನೆಯ ಉದ್ದವೂ ಕೆಲಸವನ್ನು ಮಾಡಿ ಮುಗಿಸುತ್ತವೆ.