ಮನೆಯ ವಿಡಿಯೋ ಸುರುಳಿಗಳ ರಕ್ಷಣೆ



ನಮ್ಮ ಭಾಗದ ಅನೇಕ ಮನೆಗಳಲ್ಲಿ, ಹಳೆಯ ಪೆಟ್ಟಿಗೆಗಳ ತಳದಲ್ಲಿ ಒಂದೆರಡು ವಿಡಿಯೋ ಕ್ಯಾಸೆಟ್ಟುಗಳು ಧೂಳು ಹಿಡಿದು ಬಿದ್ದಿರುವುದುಂಟು. ಅವುಗಳಲ್ಲಿ ಸೋದರತ್ತೆಯ ಮದುವೆ ಇರಬಹುದು. 2004ರ ಕೃಷ್ಣಾ ಪುಷ್ಕರದ ಸ್ನಾನವಿರಬಹುದು. ನಾರಾಯಣಪೇಟೆಯ ಅಥವಾ ಗದ್ವಾಲಿನ ಮಗ್ಗದ ಮುಂದೆ ಕುಳಿತ ಮುತ್ಯಾ ಇರಬಹುದು. ಎಲ್ಲಕ್ಕೂ ಮಿಗಿಲಾಗಿ ಅಲ್ಲಿ ಹಿರಿಯರ ಮಾತು ಇದೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಅಂದಿನ ರಾಯಚೂರು ಜಿಲ್ಲೆಯ ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಎಲ್ಲೆ ಬದಲಾದರೂ ಮನೆಮಾತು ಬದಲಾಗಲಿಲ್ಲ. ತೆಲುಗು, ಉರ್ದು ಪದಗಳು ಬೆರೆತ ಈ ಗಡಿನಾಡ ಕನ್ನಡವು ಅಚ್ಚಾದ ಪುಸ್ತಕಗಳಲ್ಲಿ ವಿರಳ. ಆದುದರಿಂದ ಮನೆಯ ಸುರುಳಿ ಹಾಳಾದರೆ ಚಿತ್ರ ಮಾತ್ರವಲ್ಲ, ಒಂದು ನುಡಿಯ ಸಾಕ್ಷ್ಯವೂ ಅಳಿಯುವುದು.

ವಿಡಿಯೋ ಸುರುಳಿಯೆಂದರೆ ಕಾಂತೀಯ ಕಣಗಳನ್ನು ಅಂಟಿನಿಂದ ಕೂಡಿಸಿದ ತೆಳುವಾದ ಪಟ್ಟಿ. ತೇವ ತಗುಲಿದರೆ ಅಂಟು ಸಡಿಲವಾಗುವುದು, ಬೂಷ್ಟು ಹಿಡಿಯುವುದು. ಬಿಸಿಲಿನ ತಾಪಕ್ಕೆ ಪಟ್ಟಿ ಸೊಟ್ಟಗಾಗುವುದು. ಇದಕ್ಕಿಂತಲೂ ದೊಡ್ಡ ಕೊರತೆ ಬೇರೊಂದಿದೆ: ಸುರುಳಿಯನ್ನು ಓದಬಲ್ಲ ಕ್ಯಾಮೆರಾಗಳು ಈಗ ತಯಾರಾಗುತ್ತಿಲ್ಲ. ಸುರುಳಿ ಚೆನ್ನಾಗಿದ್ದರೂ ಯಂತ್ರವಿಲ್ಲದಿದ್ದರೆ ಅದು ಬೀಗದ ಕೈ ಕಳೆದ ಪೆಟ್ಟಿಗೆಯಂತೆ.

ಆದುದರಿಂದ ಅದನ್ನು ಕಂಪ್ಯೂಟರಿಗೆ ಇಳಿಸುವ ಬಗೆಯನ್ನು ಅರಿಯೋಣ. ಮೊದಲು ಸುರುಳಿಯ ಜಾತಿಯನ್ನು ಗುರುತಿಸಬೇಕು. 1995ರಲ್ಲಿ ಬಳಕೆಗೆ ಬಂದ ಮಿನಿ ಡಿವಿ ಎಂಬ ಪುಟ್ಟ ಕ್ಯಾಸೆಟ್ಟಿನಲ್ಲಿ ಚಿತ್ರವು ಅಂಕಿಗಳ ರೂಪದಲ್ಲಿಯೇ ಇರುತ್ತದೆ. ಕ್ಯಾಮೆರಾವನ್ನು ಫೈರ್‌ವೈರ್ ಎಂಬ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿದರೆ ಆ ಅಂಕಿಗಳು ಇದ್ದಂತೆಯೇ ಬರುತ್ತವೆ. ಇಂದಿನ ಕಂಪ್ಯೂಟರುಗಳಲ್ಲಿ ಇದರ ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲ. ಹಳೆಯ ಕಂಪ್ಯೂಟರೊಂದನ್ನು ಹುಡುಕಬೇಕು, ಅಥವಾ ಅದಕ್ಕೆ ಬೇಕಾದ ಕಾರ್ಡನ್ನು ಹಾಕಿಸಬೇಕು. ವಿಎಚ್‌ಎಸ್, ಹೈ-8 ಮುಂತಾದ ಹಳೆಯ ಬಗೆಗಳಾದರೆ ಹಳದಿ, ಬಿಳಿ, ಕೆಂಪು ತುದಿಗಳ ತಂತಿಯನ್ನು ಒಂದು ಕ್ಯಾಪ್ಚರ್ ಸಾಧನಕ್ಕೆ ಸೇರಿಸಿ, ಅದನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸಬೇಕು. ಹಳದಿಯಲ್ಲಿ ಚಿತ್ರವೂ ಉಳಿದೆರಡರಲ್ಲಿ ಧ್ವನಿಯೂ ಹರಿಯುವುದು.

ಕೆಲಸಕ್ಕೆ ತೊಡಗುವ ಮುನ್ನ ಮಿನಿ ಡಿವಿ ಕ್ಯಾಸೆಟ್ಟಿನ ಬೆನ್ನಿನ ಮೇಲಿರುವ ಚಿಕ್ಕ ಗುಂಡಿಯನ್ನು ‘ಸೇವ್’ ಎಂಬ ಕಡೆಗೆ ಸರಿಸಬೇಕು. ಇಲ್ಲದಿದ್ದರೆ ಕೈತಪ್ಪಿ ಹಳೆಯದರ ಮೇಲೆ ಹೊಸದು ಮುದ್ರಿತವಾದೀತು. ಸುರುಳಿಯಲ್ಲಿ ಬಿಳಿಯ ಬೂಷ್ಟು ಕಂಡರೆ ಅದನ್ನು ಓಡಿಸಬಾರದು, ಯಂತ್ರವೂ ಕೆಡುವುದು. ಅಂಥದನ್ನು ಬಲ್ಲವರಿಗೆ ತೋರಿಸಬೇಕು.

ಒಂದು ಗಂಟೆಯ ಸುರುಳಿಯನ್ನು ಇಳಿಸಲು ಒಂದು ಗಂಟೆಯೇ ಹಿಡಿಯುವುದು, ಅವಸರಿಸಿದರೆ ನಡೆಯದು. ಒಂದು ಗಂಟೆಯ ಡಿವಿ ಚಿತ್ರಕ್ಕೆ ಸುಮಾರು 13 ಜಿಬಿ ಜಾಗ ಬೇಕು; ಹತ್ತು ಸುರುಳಿಗಳಿಗೆ 130 ಜಿಬಿ. ಬಂಧುಗಳಿಗೆ ಕಳುಹಿಸಲು ಚಿಕ್ಕ ಪ್ರತಿಯನ್ನು ಮಾಡಿಕೊಳ್ಳಬಹುದು, ದೊಡ್ಡದನ್ನು ಅಳಿಸಬಾರದು.

ಈ ಒಂದು ಗಂಟೆಯನ್ನು ಹೇಗೆ ಕಳೆಯಬೇಕೆಂಬುದೇ ನಾವು ಮುಖ್ಯವಾಗಿ ಹೇಳಬೇಕಾದ ಮಾತು. ನಮ್ಮ ಶಾಲೆಯ ಕಪಾಟಿನಲ್ಲಿ ದೊರೆತ ಸುರುಳಿಯೊಂದನ್ನು ನಾವೂ ಹೀಗೆಯೇ ಇಳಿಸಿದೆವು. ಚಿತ್ರ ನಿಚ್ಚಳವಾಗಿ ಬಂದಿತು. ಬಿಳಿ ರುಮಾಲು ಸುತ್ತಿದ ಹಿರಿಯರೊಬ್ಬರು ವೇದಿಕೆಯ ಮೇಲೆ ನಿಂತು ನಗೆಯುಕ್ಕಿಸುವಂತೆ ಮಾತನಾಡುತ್ತಿದ್ದರು. ಅವರು ಯಾರೆಂದು ಹೇಳಬಲ್ಲವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಕ್ಯಾಸೆಟ್ಟಿನ ಮೇಲೆ ‘ಉತ್ಸವ’ ಎಂದಷ್ಟೇ ಬರೆದಿತ್ತು. ಯಂತ್ರವು ಮುಖವನ್ನೂ ದನಿಯನ್ನೂ ಉಳಿಸಿತು. ಹೆಸರನ್ನು ಉಳಿಸಬೇಕಾದವರು ನಾವಾಗಿದ್ದೆವು. ಅದು ನಮ್ಮಿಂದಾಗಲಿಲ್ಲ.

ಆದುದರಿಂದ ಸುರುಳಿ ಓಡುತ್ತಿರುವಾಗ ಅಜ್ಜಿಯನ್ನೋ ಮುತ್ಯಾನನ್ನೋ ಪಕ್ಕದಲ್ಲಿ ಕೂಡಿಸಿಕೊಳ್ಳಿರಿ. ಕೈಯಲ್ಲಿ ನೋಟುಪುಸ್ತಕವಿರಲಿ. ಇವರು ಯಾರು, ಯಾವ ಊರು, ಯಾವ ವರ್ಷ, ಹಾಡುತ್ತಿರುವ ಹಾಡು ಯಾವುದು ಎಂದು ಕೇಳಿ, ಎಷ್ಟನೆಯ ನಿಮಿಷವೆಂಬುದನ್ನೂ ಸೇರಿಸಿ ಬರೆದುಕೊಳ್ಳಿರಿ. ತಿಳಿಯದ ಮಾತು ಬಂದರೆ ಅದರ ಅರ್ಥವನ್ನೂ ಕೇಳಿರಿ. ಬಳಿಕ ಆ ಬರಹವನ್ನು ಚಿತ್ರದ ಜೊತೆಯಲ್ಲಿಯೇ ಇರಿಸಿರಿ.

ಇಳಿಸಿದ ಚಿತ್ರವು ಎರಡು ಹಾರ್ಡ್ ಡಿಸ್ಕುಗಳಲ್ಲಿ, ಎರಡು ಊರುಗಳಲ್ಲಿ ಇರಲಿ. 2009ರ ಅಕ್ಟೋಬರಿನಲ್ಲಿ ಕೃಷ್ಣೆ, ತುಂಗಭದ್ರೆಗಳು ಉಕ್ಕಿ ಹರಿದುದನ್ನು ಕಂಡ ನಮಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ಒಂದು ಪ್ರತಿ ಮಕ್ತಲಿನ ಮನೆಯಲ್ಲಿದ್ದರೆ, ಇನ್ನೊಂದು ಹೈದರಾಬಾದಿನಲ್ಲಿರುವ ಚಿಕ್ಕಪ್ಪನ ಬಳಿ ಇರಲಿ. ಮೂಲ ಸುರುಳಿಯನ್ನೂ ಎಸೆಯಬಾರದು.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಕ್ಯಾಮೆರಾ ಇಲ್ಲದವರು ಇದ್ದವರಿಂದ ಪಡೆಯಲಿ. ಇದ್ದವರು ಕೇಳಿದವರಿಗೆ ಕೊಡಲಿ. ಸುರುಳಿ ಇನ್ನೂ ಕೆಲವು ವರ್ಷ ತಾಳಿದರೂ ತಾಳೀತು. ಆದರೆ ಮುಖ ನೋಡಿ ಹೆಸರು ಹೇಳುವ ಹಿರಿಯರು ನಮಗಾಗಿ ಎಷ್ಟು ಕಾಲ ಕಾಯಬಲ್ಲರು? ಬರುವ ದಸರಾ ರಜೆಯಲ್ಲಿ ಪ್ರತಿಯೊಂದು ಮನೆಯಲ್ಲಿಯೂ ಒಂದು ಸುರುಳಿಯಾದರೂ ಓಡಲಿ, ಒಂದು ಪುಟವಾದರೂ ತುಂಬಲಿ ಎಂದು ಹಾರೈಸುತ್ತೇವೆ.