ಫೋನಿನಲ್ಲಿ ವೈದ್ಯಸಲಹೆ: ಎಲ್ಲಿ ಸಾಕು, ಎಲ್ಲಿ ಸಾಲದು

ಆಷಾಢದ ಮಳೆ ಹಿಡಿಯಿತೆಂದರೆ ಕುಕ್ಕುಂದೂರಿನ ನಮ್ಮ ಚಿಕಿತ್ಸಾಲಯಕ್ಕೆ ಬರುವವರ ಸಂಖ್ಯೆ ಇಳಿಯುತ್ತದೆ, ಫೋನಿನ ಕರೆಗಳು ಏರುತ್ತವೆ. ಅಜೆಕಾರು, ಮಾಳದ ಕಡೆಯ ಕೂಲಿಕಾರರಿಗೆ ಜೋಡುರಸ್ತೆಯವರೆಗೆ ಬಂದು ಹೋಗುವುದೆಂದರೆ ಒಂದು ದಿನದ ಸಂಪಾದನೆ ತಪ್ಪಿದಂತೆಯೇ. ಆದುದರಿಂದ ಫೋನಿನಲ್ಲಿ ಸಲಹೆ ಕೇಳುವವರನ್ನು ನಾವು ಎಂದೂ ಗದರಿದವರಲ್ಲ. ಆದರೆ ಒಂದು ಮಳೆಗಾಲ ನಮಗೆ ಕಲಿಸಿದ ಪಾಠವನ್ನು ಓದುಗರ ಮುಂದೆ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಿನ ಒಂದು ಬೆಳಿಗ್ಗೆ ಒಬ್ಬ ಗೃಹಿಣಿಯ ಕರೆ ಬಂದಿತು. ಗದ್ದೆ ಕೆಲಸ ಮಾಡುವ ಪತಿಗೆ ಎರಡು ದಿನಗಳಿಂದ ಜ್ವರ, ತಲೆನೋವು, ಮೈಕೈ ನೋವು. “ನಾಟಿಯ ಆಯಾಸ ಇರಬೇಕು ಡಾಕ್ಟ್ರೇ, ಒಂದು ಕಷಾಯ ಹೇಳಿ” ಎಂದರು. ನಾವೂ ಹಾಗೆಯೇ ಎಣಿಸಿದೆವು. ಅಮೃತಬಳ್ಳಿ, ಶುಂಠಿಯ ಕಷಾಯ ಹೇಳಿ, ಗಂಜಿ ಕೊಡಿ, ಎರಡು ದಿನ ನೋಡೋಣ ಎಂದೆವು. ಮರುದಿನ ಸಂಜೆ ಅವರನ್ನು ರಿಕ್ಷಾದಲ್ಲಿ ಕರೆತಂದರು. ಎರಡೂ ಕಣ್ಣುಗಳು ಕೆಂಪಾಗಿದ್ದವು, ಆದರೆ ಪಿಸುರು ಇರಲಿಲ್ಲ. ಮೀನಖಂಡವನ್ನು ಮೆಲ್ಲನೆ ಒತ್ತಿದೊಡನೆ ಅವರು ನೋವಿನಿಂದ ಕಾಲೆಳೆದುಕೊಂಡರು. ಮೂತ್ರ ಕಡಿಮೆಯಾಗಿತ್ತು. ಇಲಿಜ್ವರದ ಶಂಕೆಯಿಂದ ಅದೇ ರಿಕ್ಷಾದಲ್ಲಿ ಆಸ್ಪತ್ರೆಗೆ ಕಳುಹಿಸಿದೆವು. ರಕ್ತಪರೀಕ್ಷೆಯಲ್ಲಿ ಅದೇ ಖಚಿತವಾಯಿತು. ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದು ಡಯಾಲಿಸಿಸ್ ಮಾಡಬೇಕಾಗಿ ಬಂತು. ಅವರು ಬದುಕಿಕೊಂಡರು. ಆದರೆ ನಮ್ಮ ಮಾತಿನಿಂದ ವ್ಯರ್ಥವಾದ ಆ ಒಂದೂವರೆ ದಿನದ ಹೊಣೆ ನಮ್ಮದೇ.

ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ವಿಧದಿಂದ ಪರೀಕ್ಷಿಸಬೇಕೆಂದು ಆಯುರ್ವೇದವು ವಿಧಿಸುತ್ತದೆ. ಫೋನಿನಲ್ಲಿ ಪ್ರಶ್ನವೊಂದೇ ಉಳಿಯುತ್ತದೆ. ವಿಡಿಯೊ ಇದ್ದರೆ ದರ್ಶನದ ಅರ್ಧಭಾಗ ಸೇರುತ್ತದೆ. ಸ್ಪರ್ಶನವು ಸಂಪೂರ್ಣವಾಗಿ ಇಲ್ಲವಾಗುತ್ತದೆ. ಇಲಿಜ್ವರದಲ್ಲಿ ಮೀನಖಂಡದ ನೋವು ಎಷ್ಟು ತೀವ್ರವೆಂಬುದು ಕೈಯಿಟ್ಟಾಗಲೇ ತಿಳಿಯುವಂಥದು. ಆದರೆ ತಪ್ಪನ್ನೆಲ್ಲ ಫೋನಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಅಂದು ಪ್ರಶ್ನವನ್ನೂ ನಾವು ಪೂರ್ಣಗೊಳಿಸಿರಲಿಲ್ಲ. ಕಾಲಿನಲ್ಲಿ ಗಾಯವಿತ್ತೇ, ಮೂತ್ರದ ಬಣ್ಣ ಹೇಗಿದೆ, ಪ್ರಮಾಣ ಎಷ್ಟು ಎಂದು ಕೇಳಲಿಲ್ಲ. ಎದುರಿಗೆ ಕುಳಿತವರನ್ನು ಹತ್ತು ನಿಮಿಷ ಮಾತನಾಡಿಸುವ ವೈದ್ಯನು ಫೋನಿನಲ್ಲಿ ಎರಡು ನಿಮಿಷಕ್ಕೆ ಮುಗಿಸಿಬಿಡುತ್ತಾನೆ. ಇದು ನಮ್ಮ ವೃತ್ತಿಯವರೆಲ್ಲರ ದೌರ್ಬಲ್ಯ.

ಹಾಗಾದರೆ ದೂರದ ವೈದ್ಯವೇ ಬೇಡವೇ? ಬೇಕು. ನಮ್ಮ ಕರಾವಳಿಯಲ್ಲಿಯೇ ಅದಕ್ಕೆ ಒಳ್ಳೆಯ ನಿದರ್ಶನವಿದೆ. ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ವಾಟ್ಸ್ಆ್ಯಪ್ ಬಳಗವನ್ನು ಆರಂಭಿಸಿ, ಹಳ್ಳಿಗಳಿಗೆ ಇಸಿಜಿ ಯಂತ್ರಗಳನ್ನು ತಲುಪಿಸಿದರು. ಎದೆನೋವೆಂದು ಬಂದವರ ಇಸಿಜಿಯನ್ನು ಹಳ್ಳಿಯ ವೈದ್ಯರು ತೆಗೆದು ಬಳಗಕ್ಕೆ ಕಳುಹಿಸುತ್ತಾರೆ, ತಜ್ಞರು ಅದನ್ನು ಓದಿ ಮುಂದಿನ ದಾರಿ ತಿಳಿಸುತ್ತಾರೆ. ಕೇಂದ್ರ ಸರಕಾರದ ‘ಇ-ಸಂಜೀವಿನಿ’ಯಲ್ಲಿಯೂ ಎರಡು ಬಗೆಯುಂಟು. ಒಂದರಲ್ಲಿ ರೋಗಿಯು ಮನೆಯಿಂದಲೇ ವೈದ್ಯರನ್ನು ಕಾಣುತ್ತಾನೆ. ಇನ್ನೊಂದರಲ್ಲಿ ಆರೋಗ್ಯ ಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯು ರೋಗಿಯ ಪಕ್ಕದಲ್ಲಿದ್ದು, ರಕ್ತದೊತ್ತಡ, ಜ್ವರ ಅಳೆದು ದೂರದ ವೈದ್ಯರಿಗೆ ತಿಳಿಸುತ್ತಾರೆ. ಈ ಎರಡನೆಯ ಬಗೆಯೇ ನಮಗೆ ಹೆಚ್ಚು ವಿಶ್ವಾಸಾರ್ಹವಾಗಿ ಕಾಣುತ್ತದೆ. ರೋಗಿಯ ಬಳಿ ತರಬೇತಾದ ಒಂದು ಕೈ ಇದ್ದರೆ ತಜ್ಞರು ಮಂಗಳೂರಿನಲ್ಲಿದ್ದರೂ ಸರಿ, ಬೆಂಗಳೂರಿನಲ್ಲಿದ್ದರೂ ಸರಿ. ಆ ಕೈ ಇಲ್ಲದಾಗ ಫೋನಿನ ಸಲಹೆ ಊಹೆಯಾಗುತ್ತದೆ.

ಕೊರೋನಾ ಕಾಲದಲ್ಲಿ, 2020ರ ಮಾರ್ಚ್ 25ರಂದು ಕೇಂದ್ರ ಸರಕಾರವು ದೂರವೈದ್ಯಕ್ಕೆ ಮಾರ್ಗಸೂಚಿ ಹೊರಡಿಸಿತು. ಮುಂದಿನ ತಿಂಗಳು ಆಯುರ್ವೇದಕ್ಕೂ ಬಂದಿತು. ದೂರದಿಂದ ನೋಡುವುದು ಸಾಲದೆನಿಸಿದರೆ ವೈದ್ಯನು ಮಾತನ್ನು ಅಲ್ಲಿಯೇ ನಿಲ್ಲಿಸಿ ನೇರವಾಗಿ ಬರಹೇಳಬಹುದು ಎಂಬುದು ಅದರ ತಿರುಳು. ಆದುದರಿಂದ “ನೀವೇ ಬರಬೇಕು” ಎಂದಾಗ ಓದುಗರು ಅದನ್ನು ಉದಾಸೀನವೆಂದು ತಿಳಿಯಬಾರದು.

ಒಮ್ಮೆ ನಾಡಿ ಹಿಡಿದು ನೋಡಿದ ರೋಗಿಯ ಸಂಧಿವಾತ, ಅಜೀರ್ಣ, ಚರ್ಮದ ಹಳೆಯ ತೊಂದರೆಗಳ ಮುಂದುವರಿಕೆಗೆ ಫೋನು ಧಾರಾಳ ಸಾಕು. ಮನಸ್ಸಿನ ಬೇಗುದಿಗೂ ಅದು ಉಪಯುಕ್ತ. 14416ಕ್ಕೆ ಕರೆ ಮಾಡಿದರೆ ‘ಟೆಲಿ ಮಾನಸ್’ ಸೇವೆ ಉಚಿತವಾಗಿ ದೊರೆಯುತ್ತದೆ. ಎದುರು ಕುಳಿತಾಗ ನಾಚಿ ಸುಮ್ಮನಿದ್ದವರು ಫೋನಿನಲ್ಲಿ ಮನಬಿಚ್ಚಿದ್ದನ್ನು ನಾವೇ ಕೇಳಿದ್ದೇವೆ.

ಕರೆ ಮಾಡುವ ಮುನ್ನ ಜ್ವರ ಎಷ್ಟು ಡಿಗ್ರಿ, ಯಾವಾಗಿನಿಂದ, ಈಗ ಸೇವಿಸುತ್ತಿರುವ ಮಾತ್ರೆಗಳಾವುವು ಎಂದು ಬರೆದಿಟ್ಟುಕೊಳ್ಳಿ. ಸಾಧ್ಯವಾದಷ್ಟೂ ರೋಗಿಯೇ ಮಾತನಾಡಲಿ. ನಾಲಿಗೆಯ ಚಿತ್ರವನ್ನು ಹಗಲು ಬೆಳಕಿನಲ್ಲಿ, ಬಾಯಿ ತೊಳೆದು ತೆಗೆಯಿರಿ. ವೀಳ್ಯ ಹಾಕಿದ ನಾಲಿಗೆಯ ಕೆಂಪನ್ನು ಕಂಡು ನಾವು ಪಿತ್ತವೆಂದು ಗಾಬರಿಗೊಂಡದ್ದೂ ಉಂಟು!

ಎದೆನೋವು, ಉಸಿರಾಟದ ಕಷ್ಟ, ಬಾಯಿ ಸೊಟ್ಟಗಾಗುವುದು, ಹಾವು ಕಡಿತ ಇವುಗಳಿಗೆ ನಮಗೆ ಫೋನು ಮಾಡಲೇಬೇಡಿ, 108ಕ್ಕೆ ಮಾಡಿ. ಹಾವಿನ ಚಿತ್ರ ಕಳುಹಿಸಿ ಉತ್ತರಕ್ಕೆ ಕಾಯುತ್ತ ಕುಳಿತವರನ್ನೂ ಕಂಡಿದ್ದೇವೆ.

ಗದ್ದೆ, ತೋಟದಲ್ಲಿ ದುಡಿಯುವವರು ಮಳೆಗಾಲದಲ್ಲಿ ಜ್ವರವೆಂದು ಕರೆ ಮಾಡಿದರೆ ನಾವೀಗ ಕಷಾಯ ಹೇಳುವುದಿಲ್ಲ. ಕಾಲಿನ ಗಾಯ, ಮೂತ್ರ, ಕಣ್ಣಿನ ಬಣ್ಣ ಈ ಮೂರನ್ನು ಕೇಳುತ್ತೇವೆ. ಉತ್ತರ ಏನೇ ಬರಲಿ, ಅಂದೇ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತಪರೀಕ್ಷೆ ಮಾಡಿಸಲು ಹೇಳುತ್ತೇವೆ. ಹೋದರೋ ಇಲ್ಲವೋ ಎಂದು ಸಂಜೆ ನಾವೇ ಕರೆ ಮಾಡಿ ವಿಚಾರಿಸುತ್ತೇವೆ.