ಜಿಲ್ಲಾ ಪಂಚಾಯಿತಿ: ಚುನಾವಣೆ ಮತ್ತು ಆಡಳಿತ

ಕೆಂಗೇರಿಯು 2007ರವರೆಗೆ ತನ್ನದೇ ಪುರಸಭೆಯನ್ನು ಹೊಂದಿದ್ದ ಊರು. ಆ ವರ್ಷ ಅದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾಯಿತು. ಅಲ್ಲಿಂದ ದೊಡ್ಡ ಆಲದ ಮರದ ಕಡೆಗೆ ಹೋಗುವವನಿಗೆ ಎಲ್ಲಿಯೋ ಒಂದೆಡೆ, ಅವನ ಅರಿವಿಗೆ ಬಾರದಂತೆಯೇ, ಆಡಳಿತದ ಗಡಿಯೊಂದು ಎದುರಾಗುತ್ತದೆ. ಗಡಿಯ ಈಚೆಗಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಮತದಾರನಿಗೆ ಸ್ಥಳೀಯ ಆಡಳಿತಕ್ಕಾಗಿ ಇರುವುದು ಒಂದೇ ಮತ. ಆಚೆಗಿನ ಹಳ್ಳಿಯವನಿಗಾದರೋ ಗ್ರಾಮ, ತಾಲ್ಲೂಕು, ಜಿಲ್ಲೆ ಎಂದು ಮೂರು ಮತಗಳು. ಈ ಮೂರನೆಯ ಮತದಿಂದ ರಚಿತವಾಗುವ ಸಂಸ್ಥೆಯ ವಿಷಯವಾಗಿ ನಗರವಾಸಿಗಳಾದ ನಮ್ಮಲ್ಲಿ ತಿಳಿವಳಿಕೆ ಅಲ್ಪ. ಆದುದರಿಂದಲೇ ಈ ಲೇಖನ.

ನಮ್ಮ ವೇದಿಕೆಗಳಲ್ಲಿ ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತೆಂದು ಕರೆಯುವ ವಾಡಿಕೆಯುಂಟು. ಅಭಿಮಾನದ ಮಾತು, ತಪ್ಪೆನ್ನಲಾರೆ. ಆದರೆ ಅಲ್ಲಿ ಅವಧಿ ಮುಗಿದು ಮತ್ತೆ ಮತ ಯಾಚಿಸಬೇಕಾದ ಪ್ರಸಂಗವಿರಲಿಲ್ಲ. ಚುನಾಯಿತ ಸಂಸ್ಥೆಯ ಜೀವಾಳವೇ ಆ ಅವಧಿ.

1959ರ ಕಾಯ್ದೆಯಂತೆ ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳೂ ತಾಲ್ಲೂಕು ಬೋರ್ಡುಗಳೂ ಇದ್ದವು. ಜಿಲ್ಲಾ ಮಟ್ಟದಲ್ಲಿ ಮಾತ್ರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಅಭಿವೃದ್ಧಿ ಪರಿಷತ್ತೇ ಹೊರತು ಜನರಿಂದ ನೇರವಾಗಿ ಆಯ್ಕೆಯಾದ ಸಭೆಯಿರಲಿಲ್ಲ. ಈ ಕೊರತೆಯನ್ನು ತುಂಬಿದುದು ರಾಮಕೃಷ್ಣ ಹೆಗಡೆಯವರ ಸರಕಾರ. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು ಅದರ ಪ್ರಾಣವಾಗಿದ್ದರು. ಕೊಳವೆ ಬಾವಿಗಳ ಮೂಲಕ ಹಳ್ಳಿಗಳಿಗೆ ನೀರೊದಗಿಸಿ ‘ನೀರ್ ಸಾಬ್’ ಎಂದು ಹೆಸರಾದವರು ಇವರೇ. 1983ರ ಕಾಯ್ದೆ 1985ರಲ್ಲಿ ಜಾರಿಗೆ ಬಂದಿತು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯಿತಿಗಳಿಗೂ ಚುನಾವಣೆ ನಡೆದವು. ಶೇಕಡ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಸಂವಿಧಾನ ಈ ಮಾತನ್ನು ಆಡುವುದಕ್ಕೆ ಆರು ವರ್ಷ ಮೊದಲೇ! ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಜಿಲ್ಲಾಧಿಕಾರಿಗಿಂತ ಹಿರಿಯನಾದ ಅಧಿಕಾರಿ ಮುಖ್ಯ ಕಾರ್ಯದರ್ಶಿಯಾಗಿ ಅವರ ಕೈಕೆಳಗೆ. ಶತಮಾನಕ್ಕೂ ಮಿಕ್ಕಿ ಜಿಲ್ಲೆಯೆಂದರೆ ಕಲೆಕ್ಟರೆಂದೇ ನಂಬಿದ್ದ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಅನಂತರ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು, ಅದೇ ವರ್ಷದ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಜಿಲ್ಲಾ ಪಂಚಾಯಿತಿಯನ್ನು ರಚಿಸಿತು. ಮೂಲ ಕಾಯ್ದೆಯಂತೆ ಸಾಮಾನ್ಯವಾಗಿ 40,000 ಜನಸಂಖ್ಯೆಗೆ ಒಬ್ಬ ಸದಸ್ಯ. ಕೊಡಗಿನಂತಹ ವಿರಳ ಜನವಸತಿಯ ಜಿಲ್ಲೆಗಳಿಗೆ ರಿಯಾಯಿತಿ. ಪರಿಶಿಷ್ಟ ಜಾತಿ ಪಂಗಡಗಳಿಗೆ ಜನಸಂಖ್ಯೆಯ ಪ್ರಮಾಣದಲ್ಲಿ ಮೀಸಲಾತಿ, ಹಿಂದುಳಿದ ವರ್ಗಗಳಿಗೂ ಸ್ಥಾನ. ಮಹಿಳೆಯರಿಗೆ ಮೊದಲು ಮೂರನೆಯ ಒಂದು ಭಾಗ, 2010ರ ತಿದ್ದುಪಡಿಯಿಂದ ಅರ್ಧ ಭಾಗ. ಗ್ರಾಮ ಪಂಚಾಯಿತಿಯ ಚುನಾವಣೆ ಪಕ್ಷರಹಿತವಾದುದು, ಜಿಲ್ಲಾ ಪಂಚಾಯಿತಿಯದು ಪಕ್ಷದ ಚಿಹ್ನೆಯ ಮೇಲೆ. ಸಂಸತ್ ಸದಸ್ಯರು, ಶಾಸಕರು, ತಾಲ್ಲೂಕು ಪಂಚಾಯಿತಿ ಅಧ್ಯಕ್ಷರು ಸಭೆಯಲ್ಲಿ ಕುಳಿತುಕೊಳ್ಳಬಹುದು. ಅಧ್ಯಕ್ಷ ಉಪಾಧ್ಯಕ್ಷರನ್ನು ಆರಿಸುವವರು ಮಾತ್ರ ನೇರವಾಗಿ ಗೆದ್ದು ಬಂದ ಸದಸ್ಯರೇ, ಅದೂ ತಮ್ಮೊಳಗಿನಿಂದಲೇ. ಅಧ್ಯಕ್ಷ ಪದವಿಗೂ ಮೀಸಲಾತಿ ಸರದಿಯಂತೆ ಸುತ್ತುತ್ತದೆ.

ಎರಡು ತಿಂಗಳಿಗೊಮ್ಮೆಯಾದರೂ ಸಭೆ ಸೇರತಕ್ಕದ್ದು. ನಿಜವಾದ ಕೆಲಸ ನಡೆಯುವುದು ಸ್ಥಾಯಿ ಸಮಿತಿಗಳಲ್ಲಿ. ಹಣಕಾಸು, ಸಾಮಾಜಿಕ ನ್ಯಾಯ, ಶಿಕ್ಷಣ ಮತ್ತು ಆರೋಗ್ಯ, ಕೃಷಿ ಮತ್ತು ಕೈಗಾರಿಕೆ ಮುಂತಾಗಿ ಅವುಗಳ ವಿಂಗಡಣೆ. ಕಾರ್ಯಾಂಗದ ಹೊಣೆ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯದು. ಮನೆಗಂದಾಯ ಎತ್ತುವ ಅಧಿಕಾರ ಗ್ರಾಮ ಪಂಚಾಯಿತಿಗಿದೆ. ಅದಕ್ಕಿಂತ ಎಷ್ಟೋ ದೊಡ್ಡದಾದ ಜಿಲ್ಲಾ ಪಂಚಾಯಿತಿಯು ಬಹುಮಟ್ಟಿಗೆ ಸರಕಾರದ ಅನುದಾನವನ್ನೇ ನಂಬಿರಬೇಕು. ಆ ಹಣವೂ ಹೆಚ್ಚಿನಂಶ ಲೆಕ್ಕಶೀರ್ಷಿಕೆ ನಿಗದಿಯಾಗಿಯೇ ಬರುತ್ತದೆ, ಅದರಲ್ಲಿ ದೊಡ್ಡ ಪಾಲು ಶಿಕ್ಷಕರೇ ಮೊದಲಾದವರ ವೇತನಕ್ಕೆ. ಸದಸ್ಯನ ವಿವೇಚನೆಗೆ ಉಳಿಯುವುದು ಅಲ್ಪಸ್ವಲ್ಪ. 1987ರ ಅಧ್ಯಕ್ಷರ ಗತ್ತು ಇಂದು ಉಳಿದಿಲ್ಲವೆಂಬ ಹಿರಿಯರ ಮಾತಿನಲ್ಲಿ ಹುರುಳಿದೆಯೆಂದೇ ನನ್ನ ಅಭಿಪ್ರಾಯ.

ಆದರೂ ಈ ಸಂಸ್ಥೆಗೆ ಬಂದ ದೊಡ್ಡ ಕುತ್ತು ಹಣದ್ದಲ್ಲ. 1987ರಲ್ಲಿ ಆರಿಸಿ ಬಂದ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿದಾಗ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು; ಜಿಲ್ಲಾ ಮಟ್ಟದ ಮುಂದಿನ ಚುನಾವಣೆ ನಡೆದುದು 1995ರಲ್ಲಿ. ಇಂತಹುದು ಮರುಕಳಿಸಬಾರದೆಂದೇ ಸಂವಿಧಾನದ 243ಇ ವಿಧಿಯು ಐದು ವರ್ಷ ತುಂಬುವ ಮುನ್ನವೇ ಚುನಾವಣೆ ಮುಗಿಯಬೇಕೆಂದು ವಿಧಿಸಿತು. ಪ್ರತ್ಯೇಕ ರಾಜ್ಯ ಚುನಾವಣಾ ಆಯೋಗವನ್ನೂ ಒದಗಿಸಿತು. ಹೀಗಿದ್ದೂ, 2016ರ ಫೆಬ್ರವರಿಯಲ್ಲಿ ಆರಿಸಿದ ಸದಸ್ಯರ ಅವಧಿ 2021ರಲ್ಲಿ ತೀರಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ವ್ಯಾಜ್ಯಗಳೆಂದು ವರ್ಷದ ಮೇಲೆ ವರ್ಷ ಉರುಳಿತು. ಕಚೇರಿಗಳು ಮುಚ್ಚಲಿಲ್ಲ, ಸಂಬಳ ನಿಲ್ಲಲಿಲ್ಲ, ಕಡತಗಳು ಚಲಿಸಿದವು. ಅಧಿಕಾರಿಗಳು ದಕ್ಷರಾಗಿದ್ದಲ್ಲಿ ಕೆಲಸವೂ ನಡೆಯಿತು. ಕೊರತೆ ಕಣ್ಣಿಗೆ ಬೀಳದಿದ್ದುದೇ ಇದರಿಂದ.

2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆದಿದ್ದಿತು. ಹೀಗಾಗಿ ಹಳ್ಳಿಯ ಶಾಲೆಗೆ ಕೊಠಡಿ ಬೇಕೆಂದು ಗ್ರಾಮಸಭೆಯಲ್ಲಿ ಕೇಳಲು ಒಬ್ಬ ಸದಸ್ಯನಿದ್ದ. ಆ ಬೇಡಿಕೆ ಮೇಲೇರಿ ಜಿಲ್ಲೆಗೆ ತಲುಪಿದಾಗ, ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿಯಲ್ಲಿ ಅದರ ಪರವಾಗಿ ಎದ್ದು ನಿಲ್ಲಲು ಆ ಹಳ್ಳಿ ಆರಿಸಿ ಕಳುಹಿಸಿದವರು ಯಾರೂ ಇರಲಿಲ್ಲ.